ಕರಿಕೋಟಿನವರು ಕೊತ್ತಂಬರಿ ಕೊಳ್ಳಲು ಹೋದದ್ದು

ಮೊನ್ನೆ ಗೇಟಿನ ಮುಂದೆ ನಿಂತು ಬೀಗದ ಕೈ ಹುಡುಕಿ ಹುಡುಕಿ ಸಾಕಾಗಿ, ಸಿಟ್ಟಿನಲ್ಲಿ ಹ್ಯಾಂಡ್‌ಬ್ಯಾಗನ್ನೇ ಕಟ್ಟೆಯ ಮೇಲೆ ಬೋರಲು ಹಾಕಿದೆ. ಹೆಂಗಸರ ಹ್ಯಾಂಡ್‌ಬ್ಯಾಗಿನ ತಳದಲ್ಲಿ ಏನೇನಿರುತ್ತದೆಂದು ಗೊತ್ತಿದ್ದವರಿಗೆ ನಾನು ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಮಾನ ಕಳೆದುಕೊಳ್ಳುವುದೂ ಇಲ್ಲ. ಹೊಸ ಬ್ಯಾಗಿನ ಜಿಪ್ ಕೆಟ್ಟಿತ್ತೆಂದು ಅಟ್ಟದಿಂದ ಇಳಿಸಿಕೊಂಡಿದ್ದ ಹಳೇ ಬ್ಯಾಗು ಅದು. ಬೀಗದ ಕೈ ಬೀಳಲಿಲ್ಲ. ಹೆಬ್ಬೆರಳುದ್ದದ ಒಂದು ಗುಲಾಬಿ ಬಣ್ಣದ ಚಾಕ್‌ಪೀಸು ಉರುಳಿಬಂತು. ಅದನ್ನು ಹಿಡಿದುಕೊಂಡು ಕಟ್ಟೆಯ ಮೇಲೆಯೇ ಕೂತು ಒಬ್ಬಳೇ ನಗತೊಡಗಿದೆ. ಎದುರು ಮನೆಯವರು ಬಾಲ್ಕನಿಯಿಂದ ನೋಡಿ ಒಳಗೆ ಹೋದರು. ಬೀಗದ ಕೈ ಆಮೇಲೆ ಬಾಗಿಲಲ್ಲೇ ಸಿಕ್ಕಿತು. ಬೆಳಿಗ್ಗೆ ಬೀಗ ಹಾಕಿದವಳು ಕೈಯನ್ನು ಅದರಲ್ಲೇ ಬಿಟ್ಟು ಹೋಗಿದ್ದೆ.

ಈ ಗುಲಾಬಿ ಚಾಕಿನಲ್ಲಿ ನಾನು ಒಂದು ಕಾಲದಲ್ಲಿ ಬೇಡಿಕೆಯ ರೇಖೆ ಎಳೆಯುತ್ತಿದ್ದೆ. ಪೂರೈಕೆಗೆ ಹಸಿರು ಚಾಕ್‌ಪೀಸು. ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಕೆಳಗಿನಿಂದ ಮೇಲಕ್ಕೆ. ಎರಡೂ ಕೂಡಿದ ಜಾಗದಲ್ಲಿ ಬೆಲೆ ನಿಲ್ಲುತ್ತದೆ ಎಂದು ಅರವತ್ತು ಜನ ಭಾವೀ ವಕೀಲರಿಗೆ ಹೇಳಿಕೊಡುವುದು ನನ್ನ ಕೆಲಸ. ಸೋಲದೇವನಹಳ್ಳಿ ಕಡೆಯ ಒಂದು ಕಾನೂನು ಕಾಲೇಜು. ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಕೋರ್ಸಿಗೆ ಸೇರುವ ಮಕ್ಕಳಿಗೆ ಮೊದಲ ವರ್ಷದಲ್ಲಿ ಅರ್ಥಶಾಸ್ತ್ರವೂ ಇರುತ್ತದೆ. ಯಾಕಿರುತ್ತದೆ ಎಂದು ಅವರು ನನ್ನನ್ನು ಕೇಳುತ್ತಿದ್ದರು. ನಾನು ಪ್ರಿನ್ಸಿಪಾಲರನ್ನು ಕೇಳಿದ್ದೆ. ಅವರು ಯಾರನ್ನು ಕೇಳಿದರೋ ಗೊತ್ತಿಲ್ಲ.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಮೊದಲು ಕುರ್ಚಿ ಕೊಡುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ನನಗೆ ಎರಡೂ ಇರಲಿಲ್ಲ. ಯಾರು ಕ್ಲಾಸಿಗೆ ಹೋಗಿರುತ್ತಾರೋ ಅವರ ಕುರ್ಚಿಯಲ್ಲಿ ಕೂತು, ಅವರು ಬರುವ ಹೊತ್ತಿಗೆ ಎದ್ದು ಇನ್ನೊಂದಕ್ಕೆ ಹೋಗಬೇಕು. ಟೈಮ್‌ಟೇಬಲ್ ನನಗೆ ಬಾಯಿಪಾಠವಾದದ್ದು ಹಾಗೆ.

ಆದರೂ ಆ ಕೆಲಸವೆಂದರೆ ನನಗೆ ಪ್ರಾಣ. ಮಗಳು ಹುಟ್ಟಿದ ಮೇಲೆ ಐದು ವರ್ಷ ಮನೆಯಲ್ಲಿದ್ದೆ. ಮದುವೆ ಮನೆಗಳಲ್ಲಿ ಯಾರಾದರೂ ‘ಈಗ ಏನ್ ಮಾಡ್ತಿದೀಯಮ್ಮ?’ ಎಂದು ಕೇಳಿದರೆ ‘ಎಂಎ ಆಗಿದೆ’ ಎನ್ನುತ್ತಿದ್ದೆ. ಪ್ರಶ್ನೆ ಒಂದು, ಉತ್ತರ ಇನ್ನೊಂದು ಎಂದು ಕೇಳಿದವರಿಗೂ ಗೊತ್ತಾಗುತ್ತಿತ್ತು, ನನಗೂ ಗೊತ್ತಿತ್ತು. ಈ ಕೆಲಸ ಸಿಕ್ಕಾಗ ಬಂದ ಸಂಬಳ ಯಲಹಂಕದಿಂದ ಹೋಗಿ ಬರುವ ಖರ್ಚು ಕಳೆದರೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಬೆಳಿಗ್ಗೆ ಏಳಕ್ಕೆ ಸೀರೆಗೆ ಪಿನ್ ಹಾಕಿಕೊಂಡು ಬಾಗಿಲು ದಾಟುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಮಗಳನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಅತ್ತೆ. ಅವರು ಹೆಚ್ಚು ಮಾತಿನವರಲ್ಲ. ಹೋಗು ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಸಂಜೆ ಮನೆಗೆ ಬಂದರೆ ‘ಇವತ್ತಾದ್ರೂ ಅರ್ಥ ಆಯ್ತಂತಾ ಹುಡುಗರಿಗೆ?’ ಎಂದು ಕೇಳಿ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಅರ್ಥ ಆಗುತ್ತಿರಲಿಲ್ಲ. ತಪ್ಪು ಮಕ್ಕಳದಲ್ಲ. ಅರ್ಥಶಾಸ್ತ್ರ ಎನ್ನುವುದು ‘ಹೀಗೆ ಇಟ್ಟುಕೊಳ್ಳಿ’ ಎಂದು ಶುರುವಾಗುವ ವಿದ್ಯೆ. ಕಾನೂನು ಓದುವವರು ಹಾಗೆಲ್ಲ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಮೊದಲ ವಾರವೇ ನಾನು ಬೋರ್ಡಿನ ಮೇಲೆ ‘ಇತರ ಅಂಶಗಳು ಸ್ಥಿರವಾಗಿದ್ದಾಗ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ’ ಎಂದು ಬರೆದೆ. ಮೊದಲ ಬೆಂಚಿನಿಂದ ರಕ್ಷಿತಾ ಎಂಬ ಹುಡುಗಿ ಎದ್ದು ನಿಂತಳು. ಗಿಡ್ಡ ಜಡೆ, ದಪ್ಪ ಕನ್ನಡಕ. ಎದ್ದು ನಿಂತರೆ ಕೂರುವ ಪೈಕಿ ಅಲ್ಲ.

‘ಮೇಡಂ, ಒಂದ್ ನಿಮಿಷ. ಇತರ ಅಂಶಗಳು ಅಂದ್ರೆ ಯಾವ್ಯಾವು?’

‘ಆದಾಯ, ಅಭಿರುಚಿ, ಬೇರೆ ವಸ್ತುಗಳ ಬೆಲೆ... ಹೀಗೆ.’

‘ಹೀಗೆ ಅಂದ್ರೆ ಆಗಲ್ಲ ಮೇಡಂ. ಪೂರ್ತಿ ಲಿಸ್ಟ್ ಬೇಕು. ಆಮೇಲೆ, ಅವೆಲ್ಲ ಸ್ಥಿರವಾಗಿದ್ವು ಅಂತ ಪ್ರೂವ್ ಮಾಡೋ ಹೊಣೆ ಯಾರ್ದು? ಹೇಳ್ದೋರ್ದೇ ಅಲ್ವಾ?’

ಹೇಳಿದವಳು ನಾನು. ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಗಂಟೆ ಹೊಡೆದು ಬಚಾವಾದೆ.

ಇನ್ನೊಬ್ಬ ಹರ್ಷ. ಅಮೃತಹಳ್ಳಿಯವನು, ತಾತನ ಕಾಲಕ್ಕೆ ಹೊಲ, ಅಪ್ಪನ ಕಾಲಕ್ಕೆ ಸೈಟು, ಇವನ ಕಾಲಕ್ಕೆ ಅಪಾರ್ಟ್‌ಮೆಂಟು. ಬಹಳ ಒಳ್ಳೆಯ ಹುಡುಗ, ಸಂಶಯಗಳು ಮಾತ್ರ ಮನೆಯಿಂದಲೇ ಹೊತ್ತು ತರುತ್ತಿದ್ದ. ‘ಮೇಡಂ, ಗ್ರಾಹಕ ಯಾವಾಗ್ಲೂ ವಿವೇಕದಿಂದ ಕೊಳ್ತಾನೆ ಅಂತ ಇದೆ ಬುಕ್ಕಲ್ಲಿ. ನಮ್ಮಪ್ಪ ಮೂರು ಕಾರ್ ತಗೊಂಡಿದಾರೆ. ಅವರಿಗೆ ಓಡ್ಸೋಕೆ ಬರೋದು ಸ್ಕೂಟರ್ ಒಂದೇ. ಅವರು ಯಾವ ಚಾಪ್ಟರಲ್ಲಿ ಬರ್ತಾರೆ?’

ಒಂದು ದಿನ ರಾಷ್ಟ್ರೀಯ ವರಮಾನದ ಪಾಠ. ಸಂಬಳ ಕೊಟ್ಟು ಅಡುಗೆಯವಳನ್ನು ಇಟ್ಟುಕೊಂಡವನು ಆಮೇಲೆ ಅವಳನ್ನೇ ಮದುವೆಯಾದರೆ ದೇಶದ ವರಮಾನ ಅಷ್ಟರಮಟ್ಟಿಗೆ ಇಳಿಯುತ್ತದೆ ಎಂಬ ಹಳೇ ಉದಾಹರಣೆಯನ್ನು ಎಲ್ಲ ಮೇಷ್ಟ್ರುಗಳ ಹಾಗೆ ನಾನೂ ಹೇಳಿದೆ. ನಗಲಿ ಎಂದೇ ಹೇಳುವುದು ಅದು. ‘ಹಂಗಾದ್ರೆ ಇಂಥ ಮದ್ವೆಗಳಿಗೆ ತಡೆಯಾಜ್ಞೆ ತರ್ಬೋದಾ ಮೇಡಂ?’ ಎಂದು ಹಿಂದಿನ ಬೆಂಚು ಕೂಗಿತು. ರಕ್ಷಿತಾ ಮಾತ್ರ ನಗಲಿಲ್ಲ. ‘ಅವಳು ಮಾಡೋದು ಅದೇ ಅಡುಗೆ ಅಲ್ವಾ ಮೇಡಂ? ಲೆಕ್ಕಕ್ಕೆ ಯಾಕಿಲ್ಲ?’ ಎಂದಳು. ಐದು ವರ್ಷ ಲೆಕ್ಕಕ್ಕಿಲ್ಲದೆ ಮನೆಯಲ್ಲಿದ್ದ ನಾನು ಬೋರ್ಡು ಒರೆಸತೊಡಗಿದೆ. ‘ಅದು ಸಿಲಬಸ್‌ನಲ್ಲಿ ಇಲ್ಲಮ್ಮ’ ಎಂದುಬಿಟ್ಟೆ.

ಇಷ್ಟೆಲ್ಲ ಚರ್ಚೆ ಮಾಡಿದ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲಿ ಪಾಸಾದದ್ದು ಅರವತ್ತರಲ್ಲಿ ಹನ್ನೊಂದು ಜನ. ಪ್ರಿನ್ಸಿಪಾಲರು ಕರೆಸಿದರು. ಮೆತ್ತಗೆ ಮಾತಾಡುವ ಮನುಷ್ಯ, ಮೆತ್ತಗೆ ಮಾತಾಡಿದಷ್ಟೂ ಭಯ. ‘ನೋಡೀಮ್ಮಾ, ಫೈನಲ್ಲಲ್ಲಿ ಅರ್ಧದಷ್ಟು ಜನವಾದ್ರೂ ಪಾಸಾಗ್ಬೇಕು. ಇಲ್ದಿದ್ರೆ ಮುಂದಿನ ವರ್ಷ ಈ ಸಬ್ಜೆಕ್ಟನ್ನ ಪೊಲಿಟಿಕಲ್ ಸೈನ್ಸ್‌ನವರಿಗೇ ಕೊಟ್ಟುಬಿಡ್ತೀನಿ. ನಿಮ್ಗೂ ಯಲಹಂಕದಿಂದ ಅಷ್ಟು ದೂರ ಓಡಾಡೋದು ತಪ್ಪುತ್ತೆ’ ಎಂದರು. ನನ್ನ ಓಡಾಟದ ಮೇಲೆ ಅವರಿಗೆ ಅಷ್ಟು ಕರುಣೆ ಇರುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆವತ್ತು ಬಸ್ಸಿನಲ್ಲಿ ಕೂತು ಯೋಚಿಸಿದೆ: ನನಗಾದರೂ ಬೇಡಿಕೆ-ಪೂರೈಕೆ ಅರ್ಥವಾದದ್ದು ಯಾವಾಗ? ಪುಸ್ತಕದಿಂದಂತೂ ಅಲ್ಲ. ಅಮ್ಮನಿಂದ. ನಾವು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿದ್ದಾಗ ತರಕಾರಿ ಗಾಡಿ ಬಾಗಿಲಿಗೇ ಬರುತ್ತಿತ್ತು. ಅಮ್ಮ ಬೆಲೆ ಕೇಳಿ, ಮುಖ ಸಿಂಡರಿಸಿ, ‘ಬೇಡ ಬಿಡಪ್ಪ’ ಎಂದು ಮನೆ ಕಡೆಗೆ ಮೂರು ಹೆಜ್ಜೆ ಹಾಕುತ್ತಿದ್ದಳು. ಎರಡು ಹೆಜ್ಜೆಗೆ ಅವನು ಕರೆಯುತ್ತಿರಲಿಲ್ಲ, ನಾಲ್ಕಾದರೆ ಅವನಿಗೇ ಸಿಟ್ಟು ಬರುತ್ತಿತ್ತು. ಸರಿಯಾಗಿ ಮೂರನೇ ಹೆಜ್ಜೆಗೆ ‘ಬನ್ನಿ ಅಕ್ಕ, ನಿಮ್ದೂ ಬೇಡ ನಂದೂ ಬೇಡ’ ಎನ್ನುತ್ತಿದ್ದ. ಈ ನಾಟಕದಲ್ಲಿ ನನಗೂ ಒಂದು ಪಾತ್ರವಿತ್ತು. ಅಮ್ಮನ ಸೆರಗು ಜಗ್ಗಿ ‘ಬಾಮ್ಮ, ಮೇನ್ ರೋಡಲ್ಲಿ ಕಡಿಮೆಗೆ ಸಿಗುತ್ತೆ’ ಎನ್ನಬೇಕು. ಒಂದು ದಿನ ಏನು ಗ್ರಹಚಾರವೋ, ಎರಡನೇ ಹೆಜ್ಜೆಯಲ್ಲೇ ‘ಅಮ್ಮ, ನಿನ್ನೆಯಿಂದ ಬದನೆಕಾಯಿ ಬೇಕು ಬೇಕು ಅಂತಿದ್ಯಲ್ಲ, ಬಿಟ್ಟು ಹೋಗ್ತೀಯಾ?’ ಎಂದುಬಿಟ್ಟೆ. ಗಾಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ಪೈಸೆ ಇಳಿಸಲಿಲ್ಲ. ಮಧ್ಯಾಹ್ನ ಅಮ್ಮ ಎಣ್ಣೆಗಾಯಿ ಬಡಿಸಿದಳು, ನನ್ನ ತಟ್ಟೆಗೆ ಬರೀ ರಸ.

ಸರಿ, ಈ ಮಕ್ಕಳನ್ನೂ ಮಾರುಕಟ್ಟೆಗೇ ಕರೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದೆ. ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿಗೆ ಎಂದರೆ ಪ್ರಿನ್ಸಿಪಾಲರು ಒಪ್ಪಲಿಲ್ಲ. ‘ಅಲ್ಲಿ ಹಮಾಲರ ಭುಜದ ಮೇಲೆ ಮೂಟೆ ಇರುತ್ತೆ, ಲಾರಿ ರಿವರ್ಸ್ ಬರ್ತಿರುತ್ತೆ. ನಿಮ್ಮ ಹುಡುಗರು ದಾರಿ ಮಧ್ಯ ನಿಂತು ಲಾರಿ ಹತ್ರ ವಾದ ಮಾಡ್ತಾರೆ’ ಎಂದರು. ಅದೂ ನಿಜವೇ. ಆಗ ಹರ್ಷ, ‘ನಮ್ಮ ಏರಿಯಾಗೆ ಬನ್ನಿ ಮೇಡಂ. ಬೆಳಿಗ್ಗೆ ಹೊತ್ತು ರೋಡ್ ಪಕ್ಕ ಸೊಪ್ಪಿನ ಸಾಲೇ ಇರುತ್ತೆ’ ಎಂದ. ಪ್ರಿನ್ಸಿಪಾಲರು ಕಾಲೇಜು ಬಸ್ಸು ಕೊಟ್ಟರು, ಜೊತೆಗೊಂದು ಷರತ್ತನ್ನೂ ಕೊಟ್ಟರು: ಕಾಲೇಜಿನಿಂದ ಹೊರಗೆ ಹೋಗುವಾಗ ಎಲ್ಲರೂ ಸಮವಸ್ತ್ರದಲ್ಲಿರಬೇಕು. ಅಂದರೆ ಬಿಳಿ ಅಂಗಿ, ಕರಿ ಪ್ಯಾಂಟು, ಟೈ, ಕರಿ ಕೋಟು. ನನಗೆ ಅದರಲ್ಲೇನೂ ತಪ್ಪು ಕಾಣಿಸಲಿಲ್ಲ. ಮಕ್ಕಳಿಗಂತೂ ಕೋಟು ಹಾಕಲು ನೆಪ ಸಿಕ್ಕರೆ ಸಾಕಾಗಿತ್ತು.

ಬೆಳಿಗ್ಗೆ ಎಂಟು ಗಂಟೆ. ಸಾಲಿನಲ್ಲಿ ಇಪ್ಪತ್ತೈದು ಮೂವತ್ತು ಜನ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ನಾನು ಹೇಳಿಕೊಟ್ಟದ್ದು ಬಹಳ ಸುಲಭ: ಒಬ್ಬೊಬ್ಬರು ಒಂದೊಂದು ಕಡೆ ಕೊತ್ತಂಬರಿಯ ಬೆಲೆ ಕೇಳಿ, ಬರೆದುಕೊಂಡು, ಒಂದು ಕಟ್ಟು ಕೊಂಡು ಬನ್ನಿ. ಆದರೆ ಆ ಮಕ್ಕಳಿಗೆ ಹಿಂದಿನ ವಾರವಷ್ಟೇ ಬೇರೆ ಕ್ಲಾಸಿನಲ್ಲಿ ಅರ್ಜಿ ಬರೆಯುವುದನ್ನು ಕಲಿಸಿದ್ದರು. ಯಾವುದೇ ವಿಚಾರವಿರಲಿ, ಮೊದಲು ಹೆಸರು, ತಂದೆಯ ಹೆಸರು, ವಯಸ್ಸು, ವಾಸಸ್ಥಳ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ನಾನು ಬಸ್ಸಿನವನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳಿ ಬರುವಷ್ಟರಲ್ಲಿ, ಅರವತ್ತು ಕರಿಕೋಟುಗಳು ಪ್ಯಾಡು ಪೆನ್ನು ಹಿಡಿದು ಸಾಲಿನ ಉದ್ದಕ್ಕೂ ಬಗ್ಗಿ ನಿಂತಿದ್ದವು.

‘ನಿಮ್ಮ ಹೆಸರು? ತಂದೆ ಅಥವಾ ಗಂಡನ ಹೆಸರು? ಎಷ್ಟು ವರ್ಷದಿಂದ ಈ ಜಾಗದಲ್ಲಿ ಇದೀರಾ? ಅದಕ್ಕೆ ದಾಖಲೆ ಏನಾದ್ರೂ ಇದ್ಯಾ?’

ಸಾಲಿನ ಆ ತುದಿಯಲ್ಲಿ ಯಾರೋ ಕೂಗಿದರು. ‘ಕೋರ್ಟಿನೋರು ಬಂದವ್ರೆ! ಎತ್ತಂಗಡಿ ಕಣ್ರಪ್ಪೋ!’

ಆಮೇಲೆ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಓದಿಲ್ಲ. ಮಾಲು ಖಾಲಿ ಮಾಡಿ ಜಾಗ ಬಿಡುವ ಆತುರಕ್ಕೆ ಇಪ್ಪತ್ತು ರೂಪಾಯಿಯ ಕಟ್ಟು ಹದಿನೈದಾಯಿತು, ಹತ್ತಾಯಿತು, ‘ಮೂರು ಕಟ್ಟಿಗೆ ಹತ್ತು, ಮೂರಕ್ಕೆ ಹತ್ತು’ ಎಂದಾಯಿತು. ವಾಕಿಂಗ್ ಹೊರಟವರು ನಿಂತರು, ಸ್ಕೂಟರು ನಿಂತವು, ಕಾರು ನಿಂತವು. ಮನೆಯಲ್ಲಿ ಕೊತ್ತಂಬರಿ ಇದ್ದವರೂ ಕೊಂಡರು. ಹತ್ತು ನಿಮಿಷದಲ್ಲಿ ಅರ್ಧ ಸಾಲು ಮಕ್ಕರಿ ಎತ್ತಿಕೊಂಡು ಗಲ್ಲಿಯೊಳಗೆ ಮಾಯ. ಕೊಳ್ಳುವವರು ಮಾತ್ರ ಇನ್ನೂ ಬರುತ್ತಲೇ ಇದ್ದರು. ಓಡದೆ ಉಳಿದಿದ್ದ ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಟ್ಟಿಗೆ ಮೂವತ್ತು ಎಂದರು. ಅದಕ್ಕೂ ಜನ ಕೊಂಡರು!

ನಿಜ ಹೇಳುತ್ತೇನೆ, ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಒಂದು ಇಡೀ ಅಧ್ಯಾಯ ಕಣ್ಣೆದುರಿಗೆ ನಡೆಯುತ್ತಿತ್ತು. ಮುಚ್ಚಿದ್ದ ಒಂದು ಅಂಗಡಿಯ ಷಟರಿನ ಮೇಲೆ ಗುಲಾಬಿ ಚಾಕಿನಲ್ಲಿ ರೇಖೆ ಎಳೆದು, ‘ನೋಡಿ ಮಕ್ಕಳೇ! ನಾಳೆ ಮಾರೋಕಾಗಲ್ಲ ಅನ್ನೋ ನಿರೀಕ್ಷೆಯಿಂದ ಪೂರೈಕೆ ಹೇಗೆ ಬದಲಾಯ್ತು ನೋಡಿ!’ ಎಂದು ಕೂಗಿ ಕೂಗಿ ಹೇಳಿದೆ. ಷಟರು ಏರಿಳಿತದ್ದು, ರೇಖೆ ಹಾವಿನ ಹಾಗೆ ಬಂತು. ಮಕ್ಕಳು ಮೊದಲ ಸಲ ಅಬ್ಜೆಕ್ಷನ್ ಇಲ್ಲದೆ ಬರೆದುಕೊಂಡರು.

ಯಾರೋ ನನ್ನ ತೋಳು ಹಿಡಿದು ತಿರುಗಿಸಿದರು. ಅರವತ್ತೈದು ಎಪ್ಪತ್ತರ ಹೆಂಗಸು, ಸೊಂಟದಲ್ಲಿ ಎಲೆಅಡಿಕೆ ಚೀಲ, ಕೈಯೆಲ್ಲ ಸೊಪ್ಪಿನ ಮಣ್ಣು. ಹೆಸರು ಪಿಳ್ಳಮ್ಮ ಎಂದು ಆಮೇಲೆ ಗೊತ್ತಾಯಿತು. ಆ ಸಾಲಿಗೆಲ್ಲ ಹಿರಿಯಳು, ಓಡದೆ ಕೂತವರಲ್ಲಿ ಮೊದಲನೆಯವಳು.

‘ಏನವ್ವ, ನೀನೇನಾ ಇವುಕ್ಕೆಲ್ಲ ದೊಡ್ಡೋಳು?’

‘ಹೌದಮ್ಮ. ನಾವು ಕೋರ್ಟಿನೋರಲ್ಲ, ಕಾಲೇಜಿನೋರು. ಪಾಠಕ್ಕೆ ಬಂದಿದ್ವಿ.’

‘ಪಾಟುಕ್ಕಾ? ಕೊತ್ತಂಬ್ರಿ ತಗಳಕ್ಕೆ ಕರಿಕೋಟು ಆಕ್ಕಂಡು ಬತ್ತಾರಾ ಯಾರಾನ? ಅಲ್ನೋಡು, ಆ ವುಡ್ಗಿ ಅಳ್ತಾ ಕುಂತವ್ಳೆ. ಇಡೀ ದಿನುದ್ ಸೊಪ್ನ ಮೂರುಕ್ಕೆ ಅತ್ರುಪಾಯಂಗೆ ತೂರ್ಬುಟ್ಟವ್ಳೆ.’

ನೋಡಿದೆ. ಇಪ್ಪತ್ತೈದು ವರ್ಷ ವಯಸ್ಸಿನ ಹೆಂಗಸು ಖಾಲಿ ಗೋಣಿಚೀಲದ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಉತ್ಸಾಹವೆಲ್ಲ ಇಳಿದುಹೋಯಿತು. ನಾಚಿಕೆಯಾಯಿತು, ಸರಿಯಾಗಿಯೇ ಆಯಿತು. ಷಟರಿನ ಮೇಲಿನ ರೇಖೆಯನ್ನು ಸೆರಗಿನಿಂದಲೇ ಒರೆಸಿದೆ.

ನನ್ನ ರಕ್ಷಣೆಗೆ ರಕ್ಷಿತಾ ಮುಂದೆ ಬಂದಳು. ‘ಅಜ್ಜಿ, ನಾವು ಯಾರ್ಗೂ ಖಾಲಿ ಮಾಡಿ ಅಂತ ಹೇಳೇ ಇಲ್ಲ. ಬರೀ ಪ್ರಶ್ನೆ ಕೇಳಿದ್ವಿ.’

‘ಕೋಟು ಆಕ್ಕಂಡು ಕೇಳಿದ್ರಲ್ಲವ್ವ’ ಎಂದಳು ಪಿಳ್ಳಮ್ಮ.

ರಕ್ಷಿತಾ ತನ್ನ ಕೋಟನ್ನೊಮ್ಮೆ ನೋಡಿಕೊಂಡು ಪ್ಯಾಡನ್ನು ಕಂಕುಳಲ್ಲಿ ಇರುಕಿಕೊಂಡಳು. ಅಷ್ಟರಲ್ಲಿ ಪಿಳ್ಳಮ್ಮನ ಕಣ್ಣು ಹರ್ಷನ ಮೇಲೆ ಬಿತ್ತು. ಅವನು ಬಸ್ಸಿನ ಹಿಂದೆ ಸರಿಯುತ್ತಿದ್ದ. ‘ಏ, ನೀನು ಮುನಿಶಾಮಣ್ಣನ ಮೊಮ್ಮಗ ಅಲ್ವೇನ್ಲಾ? ಬಾ ಇಲ್ಲಿ. ಇದು ನಿಮ್ ತಾತುನ್ ರಾಗಿ ಒಲ ಆಗಿದ್ದಾಗ ಇಲ್ಲೇ ಕಳೆ ಕಿತ್ತಿವ್ನಿ ನಾನು. ನನ್ನೇ ದಾಖ್ಲೆ ಕೇಳ್ತೀಯಾ?’ ಹರ್ಷ ಮೊದಲು ಟೈ ಬಿಚ್ಚಿ ಜೇಬಿಗಿಟ್ಟುಕೊಂಡ, ಆಮೇಲೆ ಬಂದ.

ಗಲ್ಲಿಯೊಳಗೆ ಹೋಗಿದ್ದವರೂ ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಪಿಳ್ಳಮ್ಮ ತನ್ನ ಗೋಣಿಚೀಲದ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಕೊಟ್ಟಳು. ಒಂದು, ನಮ್ಮವರು ಮೂರಕ್ಕೆ ಹತ್ತರಂತೆ ಕೊಂಡ ಸೊಪ್ಪಿಗೆಲ್ಲ ಬೆಳಗಿನ ಬೆಲೆಯನ್ನೇ ಕೊಡಬೇಕು. ಎರಡು, ನಾಳೆ ಬೆಳಿಗ್ಗೆ ಆರಕ್ಕೆ ಬಂದು ಟೆಂಪೋದಿಂದ ಮೂಟೆ ಇಳಿಸಿ, ಇವತ್ತು ನಷ್ಟವಾದವರ ಜೊತೆ ಕೂತು ಮಾರಿಕೊಡಬೇಕು, ಕೋಟು ಹಾಕಿಕೊಂಡು ಬರಕೂಡದು. ಹಿಂದಿನಿಂದ ಯಾರೋ ‘ಮೇಡಂ, ಅಪೀಲ್‌ಗೆ ಅವಕಾಶ ಇದ್ಯಾ?’ ಎಂದರು. ನಾನು ತಿರುಗಿ ಕಣ್ಣು ಬಿಟ್ಟೆ.

ಕಾಲೇಜಿಗೆ ವಾಪಸ್ಸಾಗುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಪ್ರಿನ್ಸಿಪಾಲರು ಊಟದ ಹೊತ್ತಿನಲ್ಲೇ ಕರೆಸಿದರು. ‘ಕಾಲೇಜಿನ ಮಾನ ತೆಗೆದಿರಲ್ರೀ’ ಎನ್ನುತ್ತಾ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹಸಿರು ಹಸಿರು ಕೊತ್ತಂಬರಿ ಬಾತು, ಪಕ್ಕದ ಬಟ್ಟಲಲ್ಲಿ ಕೊತ್ತಂಬರಿ ಚಟ್ನಿ. ಘಮ ಕೋಣೆಯೆಲ್ಲ ತುಂಬಿತು. ನಾನು ಡಬ್ಬಿ ನೋಡಿದೆ, ಅವರೂ ಡಬ್ಬಿ ನೋಡಿದರು. ‘ನಮ್ಮ ಮನೆಯವರು ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ... ಮೂರಕ್ಕೆ ಹತ್ತು ಅಂತ...’ ಎಂದವರು ಅಲ್ಲಿಗೇ ನಿಲ್ಲಿಸಿ ಮುಚ್ಚಳ ಹಾಕಿದರು. ಅಮೃತಹಳ್ಳಿಯ ಪಕ್ಕದ ಸಹಕಾರನಗರದಲ್ಲಿ ಅವರ ಮನೆ ಎಂಬುದು ನನಗೆ ಆಗ ಹೊಳೆಯಿತು. ‘ಆಗಿದ್ದು ಆಯ್ತು. ನನಗೆ ರಿಸಲ್ಟ್ ಬೇಕು ಅಷ್ಟೇ’ ಎಂದು ಕಳಿಸಿದರು.

ಮಾರನೆಯ ದಿನ ಅರವತ್ತರಲ್ಲಿ ನಲವತ್ತು ಜನ ಬಂದಿದ್ದರು, ಟೀಶರ್ಟಿನಲ್ಲಿ. ಹರ್ಷನನ್ನು ಪಿಳ್ಳಮ್ಮ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮೊದಲ ಗಿರಾಕಿ ಒಬ್ಬ ಆಂಟಿ. ಬೆಲೆ ಕೇಳಿ, ಮುಖ ಸಿಂಡರಿಸಿ ಹೊರಟರು. ಒಂದನೇ ಹೆಜ್ಜೆಗೇ ನಮ್ಮ ಹುಡುಗ ‘ಬನ್ನಿ ಆಂಟಿ, ಐದಕ್ಕೇ ತಗೊಳ್ಳಿ’ ಎಂದುಬಿಟ್ಟ. ಪಿಳ್ಳಮ್ಮ ಹಣೆ ಚಚ್ಚಿಕೊಂಡಳು. ‘ಅಯ್ಯೋ ನಿನ್ ಮನೆ ಕಾಯ್ವೋಗಾ! ನಿಮ್ ತಾತ ಇಂಗೆ ಯಾಪಾರ ಮಾಡಿದ್ರೆ ನಿಮ್ಗೆ ಬಿಲ್ಡಿಂಗ್ ಬತ್ತಿತ್ತೇನ್ಲಾ? ಸುಮ್ಕೆ ಕುಂತ್ಕೊ. ಓಗ್ಲಿ ಬುಡು. ಬತ್ತಾಳೆ.’

ರಕ್ಷಿತಾ ಪ್ರಶ್ನೆ ಕೇಳುವುದನ್ನೇನೂ ಬಿಡಲಿಲ್ಲ. ‘ಅಜ್ಜಿ, ಎಂಟು ಗಂಟೆಗೆ ಇಪ್ಪತ್ತು ಅಂದ್ರಿ, ಹತ್ತೂವರೆಗೆ ಹತ್ತು ಅಂತಿದೀರಾ. ಸೊಪ್ಪು ಅದೇ ಅಲ್ವಾ?’

‘ಅದೇ ಎಲ್ಲವ್ವ? ಸೊಪ್ಪು ಬಿಸ್ಲು ನೋಡ್ತೈತೆ, ನಾವು ಸೊಪ್ಪು ನೋಡ್ತೀವಿ. ಮಳೆ ಬಂದ್ರೆ ಒಂದು ರೇಟು, ಅಬ್ಬುಕ್ಕೆ ಒಂದು ರೇಟು. ತಿಂಗ್ಳ ಕೊನೇಲಿ ಯಾವನೂ ಜೇಬಿಗೆ ಕೈ ಆಕಾಕಿಲ್ಲ. ಮದ್ವೆ ದಿನ್ಗಳಲ್ಲಿ ಕೇಳೋದೇ ಇಲ್ಲ, ಎತ್ಕಂಡೋಯ್ತಾರೆ. ಆ ಬಸ್ ಸ್ಟಾಪ್ನ ಅತ್ತಗಡೀಕ್ ಆಕಿದ್ರಲ್ಲ, ಆವಾಗ ನಮ್ ಯಾಪಾರ್ವೇ ಬಿದ್ದೋಗಿತ್ತು.’

ರಕ್ಷಿತಾ ಸರಸರನೆ ಬರೆದುಕೊಂಡು ತಲೆಯೆತ್ತಿದಳು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ‘ಮೇಡಂ, ಇತರ ಅಂಶಗಳು! ಲಿಸ್ಟ್ ಸಿಕ್ತು!’ ಎಂದು ರಸ್ತೆಯ ಆ ಬದಿಗೂ ಕೇಳುವಂತೆ ಕೂಗಿದಳು.

ಅಲ್ಲಿಂದ ಮುಂದೆ ಪಾಠ ಮಾಡುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು. ಏನೇ ಹೇಳಿದರೂ ‘ಪಿಳ್ಳಮ್ಮಜ್ಜಿ ಹೇಳಿದ್ರಲ್ಲ, ಹಾಗಾ ಮೇಡಂ?’ ಎನ್ನುತ್ತಿದ್ದರು. ಫೈನಲ್ಲಿಗೆ ಮುಂಚೆ ಒಂದು ಪೂರ್ವಸಿದ್ಧತಾ ಪರೀಕ್ಷೆ ಇತ್ತು. ಅದರ ಉತ್ತರಪತ್ರಿಕೆಗಳನ್ನು ಬೇರೆ ಕಾಲೇಜಿನವರು ತಿದ್ದುತ್ತಿದ್ದರು. ಕಾನೂನಿನ ಮಕ್ಕಳಿಗೆ ಯಾವ ಮಾತಿಗೂ ಒಂದು ಆಧಾರ ಕೊಡದಿದ್ದರೆ ಸಮಾಧಾನವಿಲ್ಲವಲ್ಲ. ತಿದ್ದಿದ ಮೇಷ್ಟ್ರು ನನಗೆ ಫೋನ್ ಮಾಡಿದರು. ‘ಮೇಡಂ, ನಿಮ್ಮ ಹುಡುಗರೆಲ್ಲ ಪಿಳ್ಳಮ್ಮನವರು ಅಭಿಪ್ರಾಯಪಟ್ಟಂತೆ, ಪಿಳ್ಳಮ್ಮನವರು ಅಭಿಪ್ರಾಯಪಟ್ಟಂತೆ ಅಂತ ಬರ್ದಿದಾರೆ. ಅಭಿಪ್ರಾಯ ಎಲ್ಲಾ ಸರಿಯಾಗಿದೆ. ಯಾರ್ ಮೇಡಂ ಅವರು? ಯಾವ ಯೂನಿವರ್ಸಿಟಿ?’

‘ಅವರು ಫೀಲ್ಡ್‌ನಲ್ಲಿದ್ದಾರೆ ಸರ್’ ಎಂದೆ.

ಫೈನಲ್ಲಿನಲ್ಲಿ ಅರವತ್ತಕ್ಕೆ ನಲವತ್ತೊಂಬತ್ತು ಜನ ಪಾಸಾದರು. ರಕ್ಷಿತಾ ಕ್ಲಾಸಿಗೇ ಮೊದಲು. ಹರ್ಷ ಅಂಚಿನಲ್ಲಿ ಪಾಸು, ಆದರೂ ಪಾಸು. ಪ್ರಿನ್ಸಿಪಾಲರು ಮೊದಲ ಸಲ ನನಗೆ ಕುರ್ಚಿ ತೋರಿಸಿ, ಕಾಫಿ ತರಿಸಿದರು. ನಾನು ಆ ಕಾಫಿಯನ್ನು ನಿಧಾನವಾಗಿ ಕುಡಿದೆ, ಅಷ್ಟು ಖುಷಿಯಾಗಿತ್ತು.

‘ಮ್ಯಾನೇಜ್‌ಮೆಂಟ್‌ನೋರು ಬಹಳ ಸಂತೋಷಪಟ್ರು ಕಣಮ್ಮ. ಇಷ್ಟು ಒಳ್ಳೆ ರಿಸಲ್ಟ್ ಬರೋ ಸಬ್ಜೆಕ್ಟಿಗೆ ಗೆಸ್ಟ್ ಯಾಕೆ, ಪರ್ಮನೆಂಟ್ ಪೋಸ್ಟೇ ಮಾಡೋಣ ಅಂದ್ರು. ಮುಂದಿನ ವಾರ ಪೇಪರಲ್ಲಿ ಹಾಕ್ತೀವಿ. ನಿಮ್ಗೆ ನೆಟ್ ಆಗಿದೆ ಅಲ್ವಾ?’

ನೆಟ್ ಎಂದರೆ ಕಾಲೇಜಿನಲ್ಲಿ ಕಾಯಂ ಮೇಷ್ಟ್ರಾಗಲು ಪಾಸಾಗಲೇಬೇಕಾದ ದೇಶಮಟ್ಟದ ಅರ್ಹತಾ ಪರೀಕ್ಷೆ. ಎಂಎ ಮುಗಿದ ವರ್ಷ ಬರೆಯಬೇಕೆಂದಿದ್ದೆ, ಮದುವೆಯಾಯಿತು. ಮರುವರ್ಷ ಬರೆಯಬೇಕೆಂದಿದ್ದೆ, ಮಗಳು ಹುಟ್ಟಿದಳು.

‘ಇಲ್ಲ ಸರ್.’

‘ಅಯ್ಯೋ!’ ಎಂದರು ಪ್ರಿನ್ಸಿಪಾಲರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಅದು ಬಿಟ್ಟು ಅವರು ಮಾಡುವಂಥದ್ದು ಏನೂ ಇರಲಿಲ್ಲ.

ಚೆನ್ನಾಗಿ ಪಾಠ ಮಾಡದಿದ್ದರೆ ಕೆಲಸ ಹೋಗುತ್ತದೆ ಎಂದು ಹೆದರಿ ಆರು ತಿಂಗಳು ಒದ್ದಾಡಿದೆ, ಕೊನೆಗೆ ಚೆನ್ನಾಗಿ ಪಾಠ ಮಾಡಿದ್ದಕ್ಕೆ ಹೋಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದಾಕೆ ಧೂಳಿನಿಂದ ಎಂದುಕೊಂಡು ಕಿಟಕಿ ಮುಚ್ಚಿದರು.

ಮನೆಗೆ ಬಂದು ತಮಾಷೆಯ ಹಾಗೆ ಹೇಳಿದೆ. ‘ನನ್ ಬೆಲೆ ಜಾಸ್ತಿ ಆಗೋಯ್ತು, ಅದಕ್ಕೇ ನನ್ನ ತಗೊಳ್ಳೋರಿಲ್ಲ’ ಎಂದೆ. ನಮ್ಮ ಮನೆಯವರು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಅತ್ತೆ ಟೀವಿ ಆರಿಸಿದರು. ಸೀರಿಯಲ್ಲಿನ ಮಧ್ಯದಲ್ಲಿ ಅವರು ಟೀವಿ ಆರಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

‘ಆ ಪರೀಕ್ಷೆಗೆ ವಯಸ್ಸಿನ ಮಿತಿ ಇದ್ಯಾ?’

‘ಇಲ್ಲ ಅತ್ತೆ.’

‘ಮತ್ತೆ? ನಾನ್ ಆರು ತಿಂಗಳು ಮಗೂನ ನೋಡ್ಕೊಂಡಿದ್ದು ನೀನ್ ಬಂದು ಹಿಂಗೆ ಅಳ್ಲಿ ಅಂತನಾ? ಫಾರಂ ತುಂಬು.’

ಇವರು ಲ್ಯಾಪ್‌ಟಾಪ್ ತಂದರು. ನಾನು ಮೂಗೊರೆಸಿಕೊಂಡು ಒಂದೊಂದೇ ತುಂಬುತ್ತಾ ಹೋದೆ. ಹೆಸರು, ವಿಳಾಸ, ಓದು. ಅತ್ತೆ ಕನ್ನಡಕ ಏರಿಸಿಕೊಂಡು ಹಿಂದೆ ಬಂದು ನಿಂತಿದ್ದರು. ಅವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಉದ್ಯೋಗ ಎಂಬಲ್ಲಿ ನಾನು ‘ಹೌಸ್‌ವೈಫ್’ ಎಂದು ಹಾಕಿದೆ. ಹಿಂದಿನಿಂದ ಬೆರಳು ಬಂದು ಪರದೆಯನ್ನು ಕುಟ್ಟಿತು.

‘ಅದನ್ನ ಅಳಿಸು. ಟೀಚರ್ ಅಂತ ಹಾಕು.’

‘ಕೆಲಸ ಹೋಯ್ತಲ್ಲ ಅತ್ತೆ.’

‘ಕೆಲಸ ಹೋಗಿದೆ. ಪಾಠ ಮಾಡೋದು ಮರೆತುಹೋಗಿದ್ಯಾ?’

ಅಳಿಸಿ, ಟೀಚರ್ ಎಂದು ಹಾಕಿದೆ. ಅತ್ತೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ, ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹೋಗಿ ಟೀವಿ ಹಾಕಿದರು.